ಮುಖದಲ್ಲಿ ಬರೆದ ಹೆಸರು

ಹಚ್ಚೆಯೆಂಬುದು ಮೈಯ ಒಡವೆಯಷ್ಟೇ ಎಂದು ಬಗೆಯುವವರು ನ್ಯೂಜಿಲೆಂಡಿನ ಮಾವೊರಿ ಜನರ ‘ಮೋಕೊ’ವನ್ನು ಕಂಡರೆ ಮತ್ತೊಮ್ಮೆ ಆಲೋಚಿಸಬೇಕಾದೀತು. ಪೂರ್ವದಲ್ಲಿ ಎಲುಬಿನ ಉಳಿಯನ್ನು ಸಣ್ಣ ಕೊಡತಿಯಿಂದ ತಟ್ಟಿ, ಮುಖದ ಚರ್ಮದಲ್ಲಿ ಗೆರೆ ಕೊರೆದು ಮಸಿ ತುಂಬುತ್ತಿದ್ದರು. ಧರಿಸಿದವರ ವಂಶವೂ ಪದವಿಯೂ ಆ ಸುರುಳಿಗಳಲ್ಲಿ ಅಡಕವಾಗಿರುತ್ತಿದ್ದವು. 1840ರಲ್ಲಿ ವೈತಾಂಗಿಯ ಒಪ್ಪಂದಕ್ಕೆ ಒಪ್ಪಿಗೆಯಿತ್ತ ಕೆಲವು ನಾಯಕರು ರುಜುವಿನ ಬದಲು ತಮ್ಮ ಮೋಕೊವಿನ ಗೆರೆಗಳನ್ನೇ ಬರೆದರು. ಮುಖವೇ ಅವರ ಮೊಹರಾಗಿತ್ತು.

ಇಂಥ ಗೆರೆಗಳ ಸೊಬಗಿಗೆ ಪ್ರಸಾಧನಕಲೆಯು ಮಾರುಹೋದುದರಲ್ಲಿ ಆಶ್ಚರ್ಯವಿಲ್ಲ. 1993ರ ‘ದಿ ಪಿಯಾನೊ’ ಚಲಚ್ಚಿತ್ರದಲ್ಲಿ ಹಾರ್ವಿ ಕೈಟೆಲ್ ವಹಿಸಿದ ಬಿಳಿಯನ ಮುಖದಲ್ಲಿಯೂ ಅವು ಮೂಡಿದವು. ಬಣ್ಣದ ಗೆರೆ ಆಟ ಮುಗಿದೊಡನೆ ತೊಳೆದುಹೋಗುವುದು; ಅದರಿಂದ ಯಾರಿಗೇನು ನಷ್ಟವೆಂದು ಕೇಳಬಹುದು. ಆದರೆ ನೆರೆಯವರ ರುಜು ಅಂದವಾಗಿದೆಯೆಂದು ಅದನ್ನು ತಮ್ಮ ಪತ್ರದ ಕೆಳಗೆ ಬರೆದುಕೊಳ್ಳುವವರುಂಟೆ?

ಇದಕ್ಕೆ ದಾರಿಯನ್ನು ಮಾವೊರಿಗಳೇ ತೋರಿಸಿದ್ದಾರೆ. ವಂಶದ ಗುರುತಿಲ್ಲದೆ ಅದೇ ಶೈಲಿಯಲ್ಲಿ ಹೊರಗಿನವರಿಗಾಗಿ ಬರೆಯುವ ಚಿತ್ರಕ್ಕೆ ‘ಕಿರಿತುಹಿ’ ಎಂಬ ಬೇರೆ ಹೆಸರುಂಟು. ಮೋಕೊವಾದರೋ ಇಂದಿಗೂ ಜೀವಂತವಾಗಿದೆ. 2016ರಲ್ಲಿ ಅದನ್ನು ಗದ್ದದ ಮೇಲೆ ಧರಿಸಿದ ನನಾಯಾ ಮಹೂತಾ ಅವರು 2020ರಲ್ಲಿ ಆ ದೇಶದ ವಿದೇಶಾಂಗ ಸಚಿವೆಯಾದರು. ಆ ಗೆರೆಗಳು ಸಂಜೆಗೆ ತೊಳೆದು ತೆಗೆಯತಕ್ಕವಲ್ಲ. ಬಣ್ಣಗಾರನು ಅವುಗಳ ಲಯವನ್ನು ಕಲಿಯಲಿ. ಹೆಸರನ್ನು ಹೆಸರಿನವರಿಗೇ ಬಿಡಲಿ.