ಒಗ್ಗರಣೆಯ ಅನ್ನ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ಅನ್ನವೆಂಬುದು ಬಹುಕಾಲ ಹಬ್ಬಹರಿದಿನಗಳ ಭೋಜನವಾಗಿತ್ತು. ಜಯಮಂಗಲಿ, ಸುವರ್ಣಮುಖಿಗಳ ದಂಡೆಯಲ್ಲಿಯೂ ಕೆರೆಗಳ ಕೆಳಗಿನ ಗದ್ದೆಗಳಲ್ಲಿಯೂ ಒಂದಿಷ್ಟು ಭತ್ತ ಬೆಳೆಯುತ್ತಿದ್ದುದು ನಿಜವಾದರೂ, ಮಳೆಯನ್ನೇ ನಂಬಿದ ಕೆಂಪುನೆಲದ ಒಕ್ಕಲುಮಕ್ಕಳಿಗೆ ನಿತ್ಯದ ಆಧಾರವಾಗಿದ್ದುದು ರಾಗಿಯ ಮುದ್ದೆಯೇ. ಹೀಗಾಗಿ ಅಪರೂಪಕ್ಕೆ ಬೆಂದ ಅನ್ನ ರಾತ್ರಿ ಒಂದು ಹಿಡಿ ಮಿಕ್ಕರೂ ಅದನ್ನು ಚೆಲ್ಲುವ ಧೈರ್ಯ ಯಾವ ಗೃಹಿಣಿಗೂ ಇರಲಿಲ್ಲ. ಬೆಳಗಾಗುತ್ತಲೇ ಅದು ಒಗ್ಗರಣೆಯ ಸಂಸ್ಕಾರವನ್ನು ಪಡೆದು ಮಕ್ಕಳ ತಟ್ಟೆಗೆ ಬರುತ್ತಿತ್ತು. 2013ರ ಜುಲೈಯಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾಗಿ ಪಡಿತರದ ಅಕ್ಕಿ ಧಾರಾಳವಾಗಿ ಮನೆ ಸೇರಿದಮೇಲೆ ಅನ್ನ ಮಿಗುವುದು ಅಪರೂಪವಾಗಿ ಉಳಿದಿಲ್ಲ. ಆದರೆ ಅದನ್ನು ಹದವರಿತು ಹುರಿಯುವ ಕೈಗಳು ಮಾತ್ರ ಅಷ್ಟೇ ಧಾರಾಳವಾಗಿ ದೊರೆಯುತ್ತವೆಂದು ಹೇಳಲಾರೆ.

ಹುರಿದ ಅನ್ನದ ರುಚಿಯೆಲ್ಲ ಮಸಾಲೆಯಲ್ಲಿದೆಯೆಂಬ ಭ್ರಮೆ ವ್ಯಾಪಕವಾಗಿದೆ. ನನ್ನ ಮಟ್ಟಿಗೆ ಅದರ ಅರ್ಧಕ್ಕಿಂತ ಹೆಚ್ಚಿನ ಕೆಲಸ ಹಿಂದಿನ ರಾತ್ರಿಯೇ ಮುಗಿದಿರತಕ್ಕದ್ದು. ಆಗತಾನೆ ಬಸಿದ ಬಿಸಿಯನ್ನದ ಅಗುಳು ನೀರನ್ನು ಹೀರಿ ಉಬ್ಬಿ, ಮೈಯೆಲ್ಲ ಅಂಟಾಗಿ, ಸೌಟು ತಾಕಿದೊಡನೆ ಮುದ್ದೆಗಟ್ಟುತ್ತದೆ. ಅದೇ ಅಗುಳು ತಣ್ಣಗಾಗಿ ಕೆಲವು ತಾಸು ಕಳೆದರೆ, ಅದರೊಳಗಿನ ಪಿಷ್ಟ ಮರಳಿ ಬಿಗಿಗೊಂಡು, ಮೇಲಣ ತೇವ ಆರಿ, ಬಿಡಿಬಿಡಿಯಾಗಿ ನಿಲ್ಲುತ್ತದೆ. ಆದುದರಿಂದ ಹುರಿಯುವ ಉದ್ದೇಶದಿಂದಲೇ ಅನ್ನ ಮಾಡುವುದಾದರೆ ಒಂದು ವರ್ಷವಾದರೂ ಹಳೆಯದಾದ ಅಕ್ಕಿಯನ್ನು ಆಯ್ದು, ವಾಡಿಕೆಗಿಂತ ಸ್ವಲ್ಪ ಕಡಿಮೆ ನೀರಿಟ್ಟು, ಬೆಂದೊಡನೆ ಅಗಲವಾದ ತಟ್ಟೆಯಲ್ಲಿ ಹರವಿ, ಹಬೆ ಹಾರಿಹೋಗಲು ಬಿಡಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಅಕ್ಕಿ ಕುದಿದರೂ ಸಾಯುವುದಿಲ್ಲ. ಪಾವಗಡದ ಏಪ್ರಿಲ್ ತಿಂಗಳ ಸೆಕೆಯಲ್ಲಿ ಮುಚ್ಚಿಟ್ಟ ಅನ್ನದಲ್ಲಿ ಅವು ಮೊಳೆತು ಹೆಚ್ಚಿ ಉಂಟುಮಾಡುವ ವಿಷವನ್ನು ಬೆಳಗಿನ ಒಗ್ಗರಣೆಯ ಬಿಸಿಯೂ ನಾಶಮಾಡಲಾರದು. ಹರವಿದ ಅನ್ನವನ್ನು ಬೇಗ ತಣಿಸಿ ತಂಪುಪೆಟ್ಟಿಗೆಯಲ್ಲಿಡುವುದು ಕ್ಷೇಮ. ಆ ಅನುಕೂಲವಿಲ್ಲದವರು ಬೇಸಗೆಯಲ್ಲಿ ರಾತ್ರಿಯ ಅನ್ನದ ಆಸೆಯನ್ನು ಬಿಟ್ಟು, ಬೆಳಗ್ಗೆಯೇ ಬೇಯಿಸಿ ಆರಿಸಿಕೊಳ್ಳುವುದು ಲೇಸು.

ಇನ್ನು ಎಣ್ಣೆ. ಶಿರಾ, ಪಾವಗಡ, ಮಧುಗಿರಿಗಳ ಹೊಲಗಳು ತಲೆಮಾರುಗಳಿಂದ ಕಡಲೆಕಾಯಿಯನ್ನು ಕೊಡುತ್ತಿರುವಾಗ ನಾವು ಬೇರೆ ಎಣ್ಣೆಯನ್ನು ಅರಸಿ ಹೋಗಬೇಕಾದ ಕಾರಣ ನನಗೆ ಕಾಣದು. ಗಾಣದ ಕಡಲೆಕಾಯಿ ಎಣ್ಣೆ ಕಬ್ಬಿಣದ ಬಾಣಲೆಯಲ್ಲಿ ಚೆನ್ನಾಗಿ ಕಾದಾಗ ಏಳುವ ಪರಿಮಳವೇ ಅರ್ಧ ಹಸಿವನ್ನು ಕೆರಳಿಸುತ್ತದೆ. ಅದರಲ್ಲಿ ಮೊದಲು ಕಡಲೆಬೀಜವನ್ನು ಕೆಂಪಗೆ ಹುರಿದು ತೆಗೆದಿರಿಸಿ, ಬಳಿಕ ಸಾಸಿವೆ ಸಿಡಿದು ಶಾಂತವಾದಮೇಲೆ ಕಡಲೆಬೇಳೆ, ಉದ್ದಿನಬೇಳೆ, ಸೀಳಿದ ಹಸಿಮೆಣಸಿನಕಾಯಿ, ಕರಿಬೇವು, ಈರುಳ್ಳಿಗಳನ್ನು ಕ್ರಮವಾಗಿ ಬಾಡಿಸಿ, ಉಪ್ಪು ಅರಿಸಿನಗಳನ್ನು ಎಣ್ಣೆಗೇ ಸೇರಿಸಿ, ಕೈಯಿಂದ ಉದುರಿಸಿಕೊಂಡ ಅನ್ನವನ್ನು ಹಾಕತಕ್ಕದ್ದು. ಒಮ್ಮೆಗೆ ಇಬ್ಬರಿಗೆ ಸಾಲುವಷ್ಟನ್ನು ಮಾತ್ರ ಹಾಕಬೇಕೆಂಬುದನ್ನು ನಾನು ಒತ್ತಿ ಹೇಳುತ್ತೇನೆ. ಮನೆಮಂದಿಗೆಲ್ಲ ಒಟ್ಟಿಗೆ ಸುರಿದರೆ ಬಾಣಲೆಯ ಕಾವು ತಟ್ಟನೆ ಇಳಿದು, ಅನ್ನದ ತೇವ ಹಾರಲಾರದೆ ಅಲ್ಲಿಯೇ ಹಬೆಯಾಗಿ ಸುತ್ತಿ, ಹುರಿಯಬೇಕಾದುದು ಮತ್ತೆ ಬೇಯತೊಡಗುತ್ತದೆ. ಉರಿ ಜೋರಾಗಿರಲಿ, ಸೌಟು ಅಡಿಯಿಂದ ಮೇಲಕ್ಕೆ ಆಡುತ್ತಿರಲಿ, ಅಗುಳು ಮುರಿಯದಿರಲಿ.

ಹುಳಿಯ ವಿಷಯದಲ್ಲಿ ಋತುವನ್ನು ಅನುಸರಿಸುವುದೇ ನಮ್ಮವರ ಪದ್ಧತಿ: ಚೈತ್ರದಲ್ಲಿ ಮಾವಿನಕಾಯಿಯ ತುರಿ, ಉಳಿದಂತೆ ನಿಂಬೆ ಅಥವಾ ಮನೆಯ ಹುಣಿಸೆಯ ಗೊಜ್ಜು. ನಿಂಬೆಯ ರಸವನ್ನು ಬಾಣಲೆ ಇಳಿಸಿದಮೇಲೆಯೇ ಹಿಂಡಬೇಕು. ಉರಿಯ ಮೇಲೆ ಅದು ಕಹಿಯಾಗುತ್ತದೆ. ಮಾರ್ಗಶಿರ ಪುಷ್ಯಗಳಲ್ಲಿ ಬೇಯಿಸಿದ ಅವರೆಕಾಳನ್ನು ಈ ಅನ್ನಕ್ಕೆ ಬೆರೆಸಿ ತಿನ್ನದವರು ಚಳಿಗಾಲದ ಒಂದು ದೊಡ್ಡ ಸುಖವನ್ನು ಕಳೆದುಕೊಂಡಿರುವರು.

ಸಂಜೆಯಾದರೆ ಬಸ್ ನಿಲ್ದಾಣಗಳ ಸುತ್ತ ತಳ್ಳುಗಾಡಿಗಳಲ್ಲಿ ಎಗ್ ರೈಸ್, ಫ್ರೈಡ್ ರೈಸ್‌ಗಳ ಸದ್ದು ಏಳುತ್ತದೆ. ಚೀನಾ ಮೂಲದ ಈ ಅಡುಗೆಯ ಮೇಲೆ ನನಗೆ ಕೋಪವಿಲ್ಲ. ಆರಿದ ಅನ್ನ, ಪ್ರಖರವಾದ ಉರಿ, ಚುರುಕಾದ ಕೈ ಎಂಬ ಅದರ ಧರ್ಮವೂ ನಮ್ಮ ಚಿತ್ರಾನ್ನದ ಧರ್ಮವೂ ಒಂದೇ. ಗಾಡಿಯ ಹುಡುಗನ ಬಾಣಲೆಯ ಕೆಳಗಿನ ಉರಿ ಮನೆಯ ಒಲೆಗಿಲ್ಲವಾದುದರಿಂದ ಮನೆಯವರು ಪ್ರಮಾಣವನ್ನು ತಗ್ಗಿಸಿಯೇ ಆ ಹದವನ್ನು ಮುಟ್ಟಬೇಕು: ಮೊಟ್ಟೆಯನ್ನು ಮೊದಲು ಕದಡಿ ಹುರಿದು ಬೇರೆ ಇಟ್ಟು, ಸಣ್ಣಗೆ ಹೆಚ್ಚಿದ ಹುರುಳಿಕಾಯಿ, ಗಜ್ಜರಿ, ಕೋಸುಗಳನ್ನು ಗರಿಯಾಗಿರುವಂತೆಯೇ ಬಾಡಿಸಿ, ಸೋಯಾ ಸಾಸನ್ನು ಬಾಣಲೆಯ ಅಂಚಿನಿಂದ ಒಂದೇ ಚಮಚ ಇಳಿಸಿದರೆ ಸಾಕು. ಬಣ್ಣದ ಪುಡಿ ಮಾತ್ರ ಬೇಡ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದು ತಕ್ಕ ಕಾರ್ಯವೆಂದೇ ನನ್ನ ಅಭಿಪ್ರಾಯ. ಅರಿಸಿನದ ಹಳದಿ ಸಾಲದೆನ್ನುವವರು ಒಮ್ಮೆ ಗಾಣದ ಎಣ್ಣೆಯನ್ನು ತಂದು, ರಾತ್ರಿಯೇ ಅನ್ನವನ್ನು ಹರವಿಟ್ಟು, ಇಬ್ಬರಿಗಾಗುವಷ್ಟನ್ನು ಹುರಿದು ನೋಡಲಿ.