ನಮ್ಮಣ್ಣ ಟ್ರೇನಿಂಗಿಗೆ ಹೋದಾಗ

ಜೂನ್ ತಿಂಗಳಲ್ಲಿ ನಾನು ಮೂರು ದಿವಸ ಶಾಲೆಗೆ ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂದು ಎಲ್ಲರೂ ಕೇಳಿದಿರಿ. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು. ಗುರುಗಳು, "ಬಾಯಿಲೆ ಹೇಳೂದು ಬ್ಯಾಡ, ಗೋಡೆ ಪತ್ರಿಕೆಗೆ ಬರದು ಕೊಡು" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಣ್ಣ 2024ರ ನವೆಂಬರಿನಲ್ಲಿ ಅಗ್ನಿವೀರನಾಗಿ ಆಯ್ಕೆಯಾಗಿ ಬೆಂಗಳೂರಿಗೆ ಟ್ರೇನಿಂಗಿಗೆ ಹೋದ. ಅಗ್ನಿಪಥ ಯೋಜನೆ 2022ರಲ್ಲಿ ಬಂದದ್ದು. ಮೊದಲು ಕಂಪ್ಯೂಟರಿನಲ್ಲಿ ಪರೀಕ್ಷೆ, ಅದು ಪಾಸಾದ ಮೇಲೆ ರ್‍ಯಾಲಿ. ರ್‍ಯಾಲಿಯಲ್ಲಿ 1600 ಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ. ಬೀಮ್ ಹಿಡಿದು 10 ಸಲ ಮೈ ಮೇಲಕ್ಕೆತ್ತಿದರೆ 40 ಅಂಕ. 9 ಅಡಿ ತಗ್ಗು ಬೇರೆ ಜಿಗಿಯಬೇಕು. ಅಣ್ಣನನ್ನು ತಯಾರು ಮಾಡಿದವನು ನಮ್ಮಪ್ಪ. ಎರಡು ವರ್ಷ ಕೋಳಿ ಕೂಗುವ ಹೊತ್ತಿಗೆ ಕೆನಾಲ್ ರಸ್ತೆಯ ಮೇಲೆ ಅಣ್ಣ ಓಡುವುದು, ಹಿಂದೆ ಅಪ್ಪ ಸೈಕಲ್ ತುಳಿಯುತ್ತಾ ಟೈಮ್ ಹೇಳುವುದು. "ಏಯ್, ಎಮ್ಮಿ ಓಡಿದಂಗ ಓಡಬ್ಯಾಡ!" ಎಂದು ಅಪ್ಪ ಕೂಗುವುದು ನಮ್ಮ ಓಣಿಗೆಲ್ಲ ಕೇಳಿಸುತ್ತಿತ್ತು.

ಅವನು ಹೋದ ದಿನ ಅವ್ವ ಅತ್ತಳು. ಅಪ್ಪ ಅಳಲಿಲ್ಲ. "ಗಂಡ್ಸು ಮಗ, ದೇಶದ ಕೆಲಸಕ್ಕ ಹೊಂಟಾನ, ಅಳತಾರೇನು?" ಎಂದು ಅವ್ವನಿಗೇ ಬೈದ.

ಟ್ರೇನಿಂಗಿನಲ್ಲಿ ಮೊಬೈಲ್ ಯಾವಾಗಲೂ ಕೈಯಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ. ರವಿವಾರ ಸ್ವಲ್ಪ ಹೊತ್ತು ಅಷ್ಟೇ. ನಮ್ಮ ಮನೆಯಲ್ಲಿ ತುಳಸಿಕಟ್ಟೆ ಹತ್ತಿರ ಮಾತ್ರ ನೆಟ್‌ವರ್ಕ್ ಸಿಗುತ್ತದೆ. ಅವ್ವ ರವಿವಾರ ಹೊಲಕ್ಕೆ ಹೋಗದೆ ಕಟ್ಟೆಯ ಮೇಲೆಯೇ ಕುಳಿತಿರುತ್ತಿದ್ದಳು. ಅಣ್ಣ ಬಂದೂಕಿನ ಸುದ್ದಿ, ಹಗ್ಗ ಏರುವ ಸುದ್ದಿ ಹೇಳಿದರೆ ಅವಳಿಗೆ ಬೇಡ. "ಉಂಡಿ? ರೊಟ್ಟಿ ಕೊಡತಾರ?" "ಚಪಾತಿ ಕೊಡತಾರವ್ವ." "ಎಷ್ಟ?" "ಬೇಕಾದಷ್ಟು." ಆದರೂ ಆ ದಿನ ಅವ್ವ ಅರ್ಧ ರೊಟ್ಟಿ ತಿಂದು ಏಳುತ್ತಿದ್ದಳು. ನಾನು ನೋಡಿದ್ದೇನೆ.

ಮಾರ್ಚ್ ತಿಂಗಳ ಒಂದು ರವಿವಾರ ಅಣ್ಣ, "ತಂಗಿ ಕೈಯಾಗ ಫೋನ್ ಕೊಡವ್ವ" ಅಂದ. ನಾನು ದೂರ ಹೋಗಿ ಮಾತಾಡಿದೆ. "ಎಡಗಾಲ ಮೊಣಕಾಲ ಕೆಳಗ ಎಲುಬು ನೋಯಾಕತ್ತೈತಿ, ಬಾತೈತಿ. ಡಾಕ್ಟರ್ ಹತ್ತು ದಿನ ಓಡಬ್ಯಾಡ ಅಂದಾರ. ಅವ್ವ ಅಪ್ಪಗ ಹೇಳಬ್ಯಾಡ" ಅಂದ. ನಾನು ಹೂಂ ಅಂದೆ. ಆ ಮೇಲೆ ನನಗೆ ಓದು ತಲೆಗೆ ಹತ್ತಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬರು ಮಾಜಿ ಸೈನಿಕರಿದ್ದಾರೆ, ನಾವು ಫೌಜಿ ಕಾಕಾ ಅನ್ನುತ್ತೇವೆ. ಅವರನ್ನು ಬೇರೆಯವರ ಸುದ್ದಿ ಎಂಬಂತೆ ಕೇಳಿದೆ. ಬಹಳ ದಿನ ಟ್ರೇನಿಂಗ್ ತಪ್ಪಿದರೆ ಹಿಂದಿನ ಬ್ಯಾಚಿಗೆ ಹಾಕುತ್ತಾರೆ, ಜೊತೆಯವರೆಲ್ಲ ಮುಂದೆ ಹೋಗುತ್ತಾರೆ ಅಂದರು.

ಒಂದು ದಿನ ನಸುಕಿನಲ್ಲಿ ಎಚ್ಚರವಾಯಿತು. ಅಪ್ಪ ಹಾಸಿಗೆಯಲ್ಲಿ ಇರಲಿಲ್ಲ. ಹೊರಗೆ ಬಂದು ನೋಡಿದರೆ ಸೈಕಲ್ಲೂ ಇಲ್ಲ. ಕೆನಾಲ್ ಕಡೆ ಹೋದೆ. ಅಪ್ಪ ಸೈಕಲ್ ನಿಲ್ಲಿಸಿ, ಅಣ್ಣ ಓಟ ಮುಗಿಸುತ್ತಿದ್ದ ಸೇತುವೆಯ ಹತ್ತಿರ ಸುಮ್ಮನೆ ನಿಂತಿದ್ದ. ನನ್ನನ್ನು ನೋಡಿ, "ಈಗ ಅವನೂ ಎದ್ದಿರತಾನ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನಾನ ಬಾಳ ಓಡಿಸಿದ್ನೇನೋ. ಕಾಲಾಗಿನ ಎಲುಬು ಅವಾಗ ಕೆಟ್ಟಿತೋ ಏನೋ" ಅಂದ. ಅಂದರೆ ಅಪ್ಪನಿಗೆ ಗೊತ್ತಿತ್ತು! ಅಣ್ಣ ಅಪ್ಪನಿಗೂ ಹೇಳಿದ್ದ, "ಅವ್ವಗ ಮತ್ತ ತಂಗಿಗೆ ಹೇಳಬ್ಯಾಡ" ಎಂದಿದ್ದನಂತೆ.

ನಾವಿಬ್ಬರೂ ಮನೆಗೆ ಬಂದಾಗ ಅವ್ವ ಔಡಲೆಣ್ಣೆ ಬಾಟ್ಲಿಗೆ ಬಿರಡೆ ಹಾಕುತ್ತಿದ್ದಳು. "ಇದನ್ನ ಅವಗ ಕಳಸ್ರಿ" ಅಂದಳು. ಅಪ್ಪ, "ಯಾಕ?" ಅಂದ. "ಕಾಲಿಗೆ." "ನಿನಗ ಯಾರ ಹೇಳಿದ್ರು?" "ಯಾರ ಹೇಳಬೇಕ್ರಿ? ಹೋದಾಗಿಂದ ಪ್ರತಿ ವಾರ ಇಷ್ಟು ನಿಮಿಷದಾಗ ಓಡಿದೆ ಅಂತಿದ್ದ. ಮೂರು ವಾರಾತು, ಓಟದ ಸುದ್ದೀನ ಎತ್ತಿಲ್ಲ." ಎಣ್ಣೆ ಕಳಿಸಲಿಲ್ಲ. ದಾರಿಯಲ್ಲಿ ಒಡೆಯುತ್ತದೆ ಎಂದು ಅಪ್ಪ ಬೇಡ ಅಂದ.

ಕಾಲು ನೆಟ್ಟಗಾಯಿತು. ಬ್ಯಾಚ್ ತಪ್ಪಲಿಲ್ಲ. ಅವ್ವ ಹಣಮಪ್ಪನಿಗೆ ಐದು ಕಾಯಿ ಒಡೆಸಿದಳು. ಆದರೆ 2025ರ ಮೇ 7ರಂದು ಆಪರೇಷನ್ ಸಿಂಧೂರ ಸುರುವಾಯಿತಲ್ಲ, ಅವಾಗ ನಮ್ಮ ಮನೆಯಲ್ಲಿ ಟಿವಿ ಬಂದ್ ಮಾಡಲೇ ಇಲ್ಲ. ಅವ್ವ ಫೌಜಿ ಕಾಕಾನ ಮನೆಗೆ ಹೋಗಿ, "ನಮ್ಮ ಹುಡುಗನ್ನೂ ಕಳಸ್ತಾರೇನ್ರಿ?" ಎಂದು ಕೇಳಿದಳು. "ಇಲ್ಲವಾ, ಕಸಂ ಪರೇಡ್ ಆಗೂತನಕ ಅವ ರಂಗರೂಟ. ರಂಗರೂಟರನ್ನ ಗಡಿಗೆ ಕಳಸೂದಿಲ್ಲ" ಅಂದರು. "ಪರೇಡ್ ಆದ ಮ್ಯಾಲೆ?" ಅಂದಳು. ಕಾಕಾ ಚಹಾ ಕುಡಿದರು, ಏನೂ ಹೇಳಲಿಲ್ಲ.

ಆ ರಾತ್ರಿ ಅವ್ವ ರೊಟ್ಟಿ ಬಡಿಯುತ್ತಾ, "ಆ ಕಾಲು ಇನ್ನೊಂದೆರಡು ತಿಂಗಳು ನೆಟ್ಟಗಾಗದಿದ್ರ..." ಅಂದವಳು ಅಷ್ಟಕ್ಕೇ ನಿಲ್ಲಿಸಿ ಹಿಟ್ಟಿನ ಕೈಯಿಂದಲೇ ತನ್ನ ಗಲ್ಲ ಗಲ್ಲ ಬಡಿದುಕೊಂಡಳು. ಅಪ್ಪ ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. "ನನಗೂ ಹಂಗ ಅನಿಸಿತ್ತು" ಅಂದ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ವಿಚಾರ ಮಾಡಿದೆ. ಖರೇ ನಡೆದದ್ದಕ್ಕೆ ಬರೆದಿದ್ದೇನೆ. ಮೇ 10ರಂದು ಎರಡೂ ಕಡೆ ಗುಂಡು ನಿಲ್ಲಿಸಿದರು. ಅವತ್ತು ಅವ್ವ ಹೊಟ್ಟೆ ತುಂಬ ಉಂಡಳು.

ಜೂನ್ ಮೊದಲ ವಾರ ಕಸಂ ಪರೇಡ್ ಇತ್ತು. ಬಾಗಲಕೋಟೆಯಿಂದ ರಾತ್ರಿ ಬಸ್ಸಿಗೆ ಮೂವರೂ ಹೋದೆವು. ಪರೇಡಿನಲ್ಲಿ ನೂರಾರು ಹುಡುಗರು. ಒಂದೇ ಡ್ರೆಸ್ಸು, ಒಂದೇ ಹೆಜ್ಜೆ. ಅಣ್ಣ ಯಾರು ಎಂದು ನನಗೆ ಗೊತ್ತಾಗಲಿಲ್ಲ. ಅಪ್ಪ ಒಬ್ಬನನ್ನು ತೋರಿಸಿ "ಅವನ ನೋಡ್" ಅಂದ. ಅವನು ಅಲ್ಲ! ಅವ್ವ ಮುಖ ನೋಡದೆ ಎಲ್ಲರ ಎಡಗಾಲನ್ನೇ ನೋಡುತ್ತಿದ್ದಳು.

ಪರೇಡ್ ಮುಗಿದು ಅಣ್ಣ ಬಂದು ಕಾಲಿಗೆ ಬಿದ್ದ. ಕಪ್ಪಗಾಗಿದ್ದ, ಸೊರಗಿದ್ದ. ಅವ್ವ ಅವನನ್ನು ಗಿಡದ ಕೆಳಗೆ ಕರೆದುಕೊಂಡು ಹೋಗಿ, "ಕುಂಡ್ರು, ಬೂಟ್ ಬಿಚ್ಚು" ಅಂದಳು. "ಅವ್ವಾ, ಉಸ್ತಾದ್ ನೋಡತಾರ." "ನೋಡ್ಲಿ." ಎಲುಬಿನ ಮೇಲೆ ಹೆಬ್ಬೆರಳು ಒತ್ತಿ "ಇಲ್ಲೇನು? ಇಲ್ಲೇನು?" ಎಂದು ಕೇಳುತ್ತಾ ಕೆಳಗಿನವರೆಗೂ ಬಂದಳು. ಅಣ್ಣ "ಇಲ್ಲವ್ವ, ಇಲ್ಲ" ಎನ್ನುತ್ತಿದ್ದ. ಅವ್ವ ರೊಟ್ಟಿ ಗಂಟಿನಿಂದ ಆ ಔಡಲೆಣ್ಣೆ ಬಾಟ್ಲಿ ತೆಗೆದಳು. ಅದು ಬಂದಿದ್ದು ನಮಗೆ ಗೊತ್ತೇ ಇರಲಿಲ್ಲ. ಅಪ್ಪ ಅಣ್ಣನ ಬೂಟು ಕೈಯಲ್ಲಿ ಹಿಡಿದು, ಹೆಗಲ ಮೇಲಿನ ಟವೆಲಿನಿಂದ ಅದರ ಧೂಳು ಒರೆಸುತ್ತಾ ನಿಂತಿದ್ದ.

— ಏಳನೆಯ ತರಗತಿಯ ವಿದ್ಯಾರ್ಥಿನಿ