ಇಎಂಐಗೂ ಒಂದು ಟೆಸ್ಟ್ ಡ್ರೈವ್

ಮೂವತ್ತರ ಆಸುಪಾಸಿಗೆ ಬಂದ ಮೇಲೆ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಎರಡು ಕಡೆ ಬಂದು ನಿಲ್ಲುತ್ತೆ. ಒಂದು ಹೋಮ್ ಲೋನ್, ಇನ್ನೊಂದು ಕಾರು. ಕಾರು ಅಂದರೆ ಈಗ ಎಲ್ಲರಿಗೂ ಎಸ್‌ಯುವಿನೇ ಆಗಬೇಕು. ನನಗೆ ಮಾತ್ರ ಇಂಜಿನಿಯರಿಂಗ್ ಓದುವಾಗಿಂದ ಸೆಡಾನ್ ಹುಚ್ಚು. ತಗ್ಗಾಗಿ, ಉದ್ದವಾಗಿ, ಹಿಂದೆ ದೊಡ್ಡ ಡಿಕ್ಕಿ ಇಟ್ಕೊಂಡು ಹೋಗೋ ಕಾರು ಕಂಡರೆ ಇವತ್ತಿಗೂ ತಿರುಗಿ ನೋಡ್ತೀನಿ.

ಜರ್ಮನ್ ಲಕ್ಷುರಿ ಬ್ರ್ಯಾಂಡ್‌ಗಳೆಲ್ಲ ನಮ್ಮ ಸಂಬಳಕ್ಕೆ ದೂರದ ಮಾತು. ಆದರೆ ಅವುಗಳ ಕೆಳಗೆ ಒಂದು ಮೆಟ್ಟಿಲಿದೆ. ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್, ಹೋಂಡಾ ಸಿಟಿ, ಹ್ಯುಂಡೈ ವೆರ್ನಾ ಇವೆಲ್ಲ ಆ ಮೆಟ್ಟಿಲ ಮೇಲಿವೆ. ಕೈಗೆಟುಕೋ ಐಷಾರಾಮ ಅಂತಾರಲ್ಲ, ಅದು. ತೆರಿಗೆ ಲೆಕ್ಕದಲ್ಲಂತೂ ಇವು ಐಷಾರಾಮಿಗಳೇ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದಾಗ, ನಾಲ್ಕು ಮೀಟರ್‌ಗಿಂತ ಚಿಕ್ಕದಾದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ ಶೇ. 18 ಬಂತು. ಉದ್ದ ಅದಕ್ಕಿಂತ ಜಾಸ್ತಿ ಇದ್ದರೆ ಶೇ. 40. ಸ್ಲಾವಿಯಾ ಉದ್ದ ನಾಲ್ಕೂವರೆ ಮೀಟರ್ ದಾಟುತ್ತೆ. ಹಾಗಿದ್ದರೂ ಹಿಂದಿನ ಜಿಎಸ್‌ಟಿ, ಸೆಸ್ ಸೇರಿ ಆಗ್ತಿದ್ದ ಶೇ. 45ಕ್ಕಿಂತ ಇದು ಕಡಿಮೆ. ಬೆಲೆ ಸ್ವಲ್ಪ ಇಳಿದಿದೆ ಅನ್ನೋ ನೆಪ ಸಿಕ್ಕಿತು. ದಸರಾ ಹೊತ್ತಿಗೆ ಟೆಸ್ಟ್ ಡ್ರೈವ್ ಬುಕ್ ಮಾಡಿದೆ.

ಕಾರು 1.5 ಲೀಟರ್ ಟರ್ಬೊ ಪೆಟ್ರೋಲ್. 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. ಹೆಚ್ಚು ಶಕ್ತಿ ಬೇಡದಿದ್ದಾಗ ನಾಲ್ಕು ಸಿಲಿಂಡರ್‌ಗಳಲ್ಲಿ ಎರಡು ತಾವಾಗೇ ಮಲಗ್ತವೆ, ಪೆಟ್ರೋಲ್ ಉಳಿಯುತ್ತೆ. ಕಾಗದದ ಮೇಲಿನ ಈ ಅಂಕಿಗಳನ್ನೆಲ್ಲ ನಾನು ಬಾಯಿಪಾಠ ಮಾಡ್ಕೊಂಡೇ ಹೋಗಿದ್ದೆ. ಖಾಲಿ ರಿಂಗ್ ರೋಡಿನಲ್ಲಿ ಪೆಡಲ್ ಒತ್ತಿದಾಗ ಬೆನ್ನು ಸೀಟಿಗೆ ಅಂಟಿತಲ್ಲ, ಅದು ಯಾವ ಕಾಗದದಲ್ಲೂ ಇರಲಿಲ್ಲ. ಬಾಗಿಲು ಹಾಕಿದಾಗ ಬರೋ ಆ ದಪ್ಪ ಸದ್ದು, ಒಳಗಿನ ನಿಶ್ಶಬ್ದ, ಬೆನ್ನಿಗೆ ತಣ್ಣಗೆ ಗಾಳಿ ಬಿಡೋ ಸೀಟು. ಹತ್ತು ನಿಮಿಷದಲ್ಲಿ ನಾನು ಮನಸ್ಸಲ್ಲೇ ನಂಬರ್ ಪ್ಲೇಟ್ ಹಾಕಿಸಿಯಾಗಿತ್ತು.

ಪಕ್ಕದಲ್ಲಿದ್ದ ಹೆಂಡತಿ ಮಾತ್ರ, “ಬೆಳಗ್ಗೆ ಹನ್ನೊಂದಕ್ಕೆ ಖಾಲಿ ರೋಡಲ್ಲಿ ಯಾವ ಕಾರಾದ್ರೂ ಚೆನ್ನಾಗೇ ಇರುತ್ತೆ. ಸಂಜೆ ಆರಕ್ಕೆ ಕೊಡ್ತಾರಾ ಕೇಳು” ಅಂದಳು.

ಕೇಳಿದೆ, ಕೊಟ್ಟರು. ನಿಮಗೂ ಇದನ್ನೇ ಹೇಳ್ತೀನಿ: ಶೋರೂಮಿನವರು ತೋರಿಸೋ ನಾಲ್ಕು ಕಿಲೋಮೀಟರ್ ರೂಟಿಗೆ ಮುಗಿಸಬೇಡಿ. ಇನ್ನೊಂದು ಸಲ, ನೀವು ದಿನಾ ಓಡಾಡೋ ಹೊತ್ತಲ್ಲಿ, ನೀವು ಓಡಾಡೋ ರೋಡಲ್ಲಿ ಕೇಳಿ. ಎರಡನೇ ಸಲ ಬನಶಂಕರಿ ಕಡೆಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಇದ್ದೆವು. ಅಲ್ಲಿ 150 ಪಿಎಸ್‌ಗೆ ಕೆಲಸವೇ ಇಲ್ಲ. ತೆವಳ್ತಾ ಹೋಗುವಾಗ ಒಂದನೇ ಗೇರಿಂದ ಎರಡಕ್ಕೆ ಹೋಗೋದು ಸಣ್ಣಗೆ ಗೊತ್ತಾಗುತ್ತೆ. ಡ್ಯುಯಲ್ ಕ್ಲಚ್ ಗಾಡಿಗಳ ಸ್ವಭಾವ ಅದು. ಸ್ಕ್ರೀನಿನಲ್ಲಿ ಮೈಲೇಜ್ ಒಂಬತ್ತಕ್ಕೆ ಬಂದು ನಿಂತಿತ್ತು. ಹಂಪ್‌ಗಳ ಬಗ್ಗೆ ಭಯ ಇತ್ತು. 179 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇರೋದರಿಂದ, ನಾಲ್ಕು ಜನ ಕೂತಿದ್ದರೂ ಎಲ್ಲೂ ತಳ ಮುಟ್ಟಲಿಲ್ಲ. ಆ ವಿಷಯದಲ್ಲಿ ಸೆಡಾನ್ ಬೇಡ ಅನ್ನೋರ ವಾದ ಅರ್ಧ ಬಿದ್ದು ಹೋಯ್ತು.

ಇನ್ನರ್ಧ ವಾದ ನಮ್ಮಮ್ಮನ ಮಂಡಿಯಲ್ಲಿತ್ತು.

ಅಮ್ಮ ಇರೋದು ತಿಪಟೂರಿನಲ್ಲಿ. ಎರಡೂ ಮಂಡಿ ಸವೆದಿವೆ, ಬಸ್ಸಿನ ಮೆಟ್ಟಿಲು ಹತ್ತೋಕೆ ಆಗ್ತಿಲ್ಲ. ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಬರಬೇಕು. ನನಗೆ ಕಾರು ಬೇಕಾಗಿರೋದಕ್ಕೆ ನಿಜವಾದ ಕಾರಣ ಅದೇ. ನನ್ನ ಆಫೀಸು ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ. ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಶುರುವಾದ ಮೇಲೆ ದಿನಾ ಕಾರಲ್ಲಿ ಹೋಗೋ ಮಾತೇ ಇಲ್ಲ. ಅಂದರೆ ಈ ಕಾರು ಓಡೋದು ತಿಂಗಳಿಗೆ ಎರಡು ಸಲ ತಿಪಟೂರಿಗೆ, ಆಮೇಲೆ ಒಂದಿಷ್ಟು ಊರೊಳಗೆ.

ಹಾಗಾಗಿ ಮೂರನೇ ಟೆಸ್ಟ್ ಡ್ರೈವ್ ಅಮ್ಮನದು. ಹಿಂದಿನ ಸೀಟಿನಲ್ಲಿ ಕೂತರು. ಕೂರೋಕೆ ಕಷ್ಟ ಆಗಲಿಲ್ಲ, ಏಳೋಕೆ ಆಯ್ತು. ಸೀಟು ತಗ್ಗು, ಮಂಡಿ ಮೇಲೆ ಪೂರ್ತಿ ಭಾರ ಬೀಳುತ್ತೆ. “ಕೈ ಕೊಡೋ” ಅಂದರು. ನಾನು ಎಳೆದೆ, ಅವರ ಮುಖ ಕಿವುಚಿತು. ಆ ಒಂದು ಕ್ಷಣದಲ್ಲಿ 250 ನ್ಯೂಟನ್ ಮೀಟರೆಲ್ಲ ಇಳಿದು ಹೋಯ್ತು. ಪಕ್ಕದಲ್ಲಿದ್ದ ಒಂದು ಎತ್ತರದ ಗಾಡಿಯಲ್ಲಿ ಕೂರಿಸಿ ನೋಡಿದೆವು. ಸೀಟು ಸೊಂಟದ ಮಟ್ಟಕ್ಕಿತ್ತು, ಆರಾಮಾಗಿ ಇಳಿದರು.

“ನಿಂಗೆ ಇದೇ ಇಷ್ಟ ಅಲ್ವಾ ಮಗ, ಇದನ್ನೇ ತಗೋ. ನಂದೇನು, ಹೆಂಗೋ ಆಗುತ್ತೆ” ಅಂದರು ಅಮ್ಮ. ಈ “ಹೆಂಗೋ ಆಗುತ್ತೆ” ಅನ್ನೋ ಮಾತಿಗೆ ನಮ್ಮ ಮನೆಗಳಲ್ಲಿ ಎಷ್ಟು ತೂಕ ಇರುತ್ತೆ ಅಂತ ನಿಮಗೂ ಗೊತ್ತು.

ದಾರಿ ತೋರಿಸಿದ್ದು ಶೋರೂಮಿನ ಹುಡುಗ. “ಅಮ್ಮಾ, ಒಂದ್ಸಲ ಮುಂದೆ ಕೂತ್ಕೊಳಿ” ಅಂದ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಎತ್ತರ ಏರಿಸಿ, ಬಾಗಿಲು ಪೂರ್ತಿ ತೆಗೆದ. ಇಳಿಯುವಾಗ ಮೊದಲು ಸೀಟಿನ ಮೇಲೇ ಪಕ್ಕಕ್ಕೆ ತಿರುಗಿ, ಎರಡೂ ಕಾಲು ಒಟ್ಟಿಗೆ ಹೊರಗಿಟ್ಟು, ಆಮೇಲೆ ಎದ್ದು ನಿಲ್ಲಿ ಅಂತ ಹೇಳಿಕೊಟ್ಟ. ಅಮ್ಮ ಎರಡು ಸಲ ಕೂತು ಎದ್ದರು. ಮೂರನೇ ಸಲ ನಾನು ಕೈ ಕೊಡಬೇಕಾಗಲಿಲ್ಲ. ಸೀಟಿನ ಮೇಲೆ ಇನ್ನೊಂದು ಗಟ್ಟಿ ದಿಂಬು ಹಾಕಿದರೆ ಇನ್ನೂ ಸುಲಭ ಅಂತ ಅವರೇ ಹೇಳಿದರು. ಎತ್ತರದ ಗಾಡಿಯಷ್ಟು ಸಲೀಸಲ್ಲ, ಆದರೆ ಆಗುತ್ತೆ. ಆಮೇಲೆ ಡಿಕ್ಕಿ ತೆಗೆಸಿ ನೋಡಿದರು. 521 ಲೀಟರ್ ಅಂತ ನಾನು ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ. “ನಾಕು ಚೀಲ ಕಾಯಿ ಹಿಡಿಯುತ್ತೆ” ಅಂತ ಅವರದ್ದೇ ಅಳತೆಯಲ್ಲಿ ಒಪ್ಪಿಗೆ ಕೊಟ್ಟರು.

ಉಳಿದದ್ದು ದುಡ್ಡು. ಬೆಂಗಳೂರಲ್ಲಿ ಕಾರು ತಗೊಳ್ಳೋರು ಎಕ್ಸ್ ಶೋರೂಂ ಬೆಲೆ ನೋಡಿ ಖುಷಿಪಡೋ ಹಾಗಿಲ್ಲ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇ. 17, ಆ ತೆರಿಗೆ ಮೇಲೆ ಶೇ. 11 ಸೆಸ್. ಕಾರಿನ ಬೆಲೆ 18 ಲಕ್ಷ ಅಂತ ಇಟ್ಕೊಳ್ಳಿ. ತೆರಿಗೆ 3,06,000, ಸೆಸ್ 33,660. ಆರ್‌ಟಿಒಗೇ ಹತ್ತಿರ ಹತ್ತಿರ 3 ಲಕ್ಷ 40 ಸಾವಿರ ಆಯ್ತು. ಇನ್ಶೂರೆನ್ಸ್ ಬೇರೆ, ಹೊಸ ಕಾರಿಗೆ ಥರ್ಡ್ ಪಾರ್ಟಿ ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು. 10 ಲಕ್ಷ ದಾಟಿದರೆ ಶೇ. 1 ಟಿಸಿಎಸ್, ಅದನ್ನ ಐಟಿ ರಿಟರ್ನ್ಸ್‌ನಲ್ಲಿ ಹೊಂದಿಸ್ಕೊಬಹುದು, ಮರೀಬೇಡಿ. ಕೊಟೇಶನ್ನಿನಲ್ಲಿ ಆಕ್ಸೆಸರಿ ಅಂತ ಒಂದು ಸಾಲು ಇರುತ್ತೆ. ಬೇಡ ಅಂದರೆ ತೆಗೀತಾರೆ. ಒಟ್ಟಿನಲ್ಲಿ 18 ಲಕ್ಷದ ಕಾರು ಮನೆ ಮುಂದೆ ಬಂದು ನಿಲ್ಲೋ ಹೊತ್ತಿಗೆ 22 ಲಕ್ಷ ದಾಟುತ್ತೆ.

ಕೈಲಿದ್ದಿದ್ದು 7 ಲಕ್ಷ. 15 ಲಕ್ಷ ಸಾಲ, ಬಡ್ಡಿ ಶೇ. 9 ಅಂತ ಹಿಡಿದರೆ ಐದು ವರ್ಷಕ್ಕೆ ಇಎಂಐ ಸುಮಾರು 31,100. ಏಳು ವರ್ಷ ಮಾಡಿದರೆ 24,100ಕ್ಕೆ ಇಳಿಯುತ್ತೆ, ಆದರೆ ಒಟ್ಟು ಬಡ್ಡಿ 3.7 ಲಕ್ಷದಿಂದ ಸುಮಾರು 5.3 ಲಕ್ಷಕ್ಕೆ ಏರುತ್ತೆ. ತಿಂಗಳಿಗೆ ಎರಡೇ ಟ್ರಿಪ್ ಅಂದರೆ ಒಂದು ಟ್ರಿಪ್ಪಿಗೆ 15 ಸಾವಿರ ಇಎಂಐ. ಬಾಡಿಗೆ ಕಾರಲ್ಲಿ ಹೋದರೂ ಇಷ್ಟಾಗಲ್ಲ ಅಂತ ನಾನು ಎಕ್ಸೆಲ್ ತೋರಿಸಿದೆ.

“ಹಂಗೆ ಲೆಕ್ಕ ಹಾಕಿದ್ರೆ ಮನೇಲಿ ಸೋಫಾನೂ ಇಡೋಕಾಗಲ್ಲ” ಅಂದಳು ಹೆಂಡತಿ. “ರಾತ್ರಿ ಎರಡು ಗಂಟೆಗೆ ಅಮ್ಮ ಫೋನ್ ಮಾಡಿದ್ರೆ ಬಾಡಿಗೆ ಕಾರು ಹುಡುಕ್ತಾ ಕೂರ್ತೀಯಾ? ಕಾರು ಬೇಕು. ಎಷ್ಟು ರೂಪಾಯಿ ಕಾರು ಅನ್ನೋದಷ್ಟೇ ಪ್ರಶ್ನೆ. ಕಾರಿಗೆ ಮೂರು ಟೆಸ್ಟ್ ಡ್ರೈವ್ ಮಾಡಿದ್ಯಲ್ಲ, ಇಎಂಐಗೆ ಒಂದು ಮಾಡು.”

ಐಡಿಯಾ ಸರಳ. ಪ್ರತಿ ತಿಂಗಳು 5ನೇ ತಾರೀಖು 31,100 ರೂಪಾಯಿ ಬೇರೆ ಖಾತೆಗೆ ಹೋಗಬೇಕು. ಸಾಲ ಆಗಲೇ ಇದೆ ಅನ್ನೋ ಹಾಗೆ ಉಳಿದ ದುಡ್ಡಲ್ಲಿ ಬದುಕಬೇಕು. ಅದರ ಮೇಲೆ ಪೆಟ್ರೋಲ್, ಸರ್ವೀಸ್, ಇನ್ಶೂರೆನ್ಸ್ ಅಂತ ಇನ್ನೂ 10 ಸಾವಿರ.

ಮೊದಲ ಎರಡು ತಿಂಗಳು ಏನೂ ಅನಿಸಲಿಲ್ಲ. ಮೂರನೇ ತಿಂಗಳು ತಂಗಿಯ ಸೀಮಂತ, ಅಮ್ಮನ ಸ್ಕ್ಯಾನಿಂಗ್ ಒಟ್ಟಿಗೆ ಬಂದವು. ಆ ಖಾತೆಯಿಂದ 14 ಸಾವಿರ ವಾಪಸ್ ತೆಗೆಯಬೇಕಾಯ್ತು. ನಾಲ್ಕನೇ ತಿಂಗಳು ಆಫೀಸಿನಲ್ಲಿ ಪಕ್ಕದ ಟೀಮಿನ ಆರು ಜನರನ್ನ ಮನೆಗೆ ಕಳಿಸಿದರು. ನನ್ನ ಕೆಲಸಕ್ಕೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಇಬ್ಬರೂ ಕೂತು, ಒಬ್ಬರ ಸಂಬಳದಲ್ಲೇ ಎಷ್ಟು ಇಎಂಐ ಕಟ್ಟೋಕಾಗುತ್ತೆ ಅಂತ ಲೆಕ್ಕ ಹಾಕಿದೆವು. ಉತ್ತರ 21 ಸಾವಿರ. ಅಂದರೆ ಐದು ವರ್ಷಕ್ಕೆ 10 ಲಕ್ಷ ಸಾಲ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇಲ್ಲ.

10 ಲಕ್ಷ ಸಾಲಕ್ಕೆ 1.5 ಬರಲ್ಲ, 1.0 ಬರುತ್ತೆ. ಮೂರು ಸಿಲಿಂಡರ್, 115 ಪಿಎಸ್, ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್. ನಾಲ್ಕನೇ ಸಲ ಹೋಗಿ ಅದನ್ನೂ ಓಡಿಸಿದೆ. ಸ್ಟಾರ್ಟ್ ಮಾಡಿದಾಗ ಸಣ್ಣ ನಡುಕ ಇದೆ, ಬೆನ್ನು ಸೀಟಿಗೆ ಅಂಟಲ್ಲ. ಆದರೆ ಟ್ರಾಫಿಕ್ಕಿನಲ್ಲಿ ತೆವಳುವಾಗ ದೊಡ್ಡ ಇಂಜಿನ್ನಿಗಿಂತ ಇದೇ ನುಣುಪು. ಬಾಗಿಲಿನ ಸದ್ದು ಅದೇ, ಡಿಕ್ಕಿ ಅದೇ. 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಮತ್ತು ಮಕ್ಕಳ ಸುರಕ್ಷತೆ ಎರಡಕ್ಕೂ ಐದು ಸ್ಟಾರ್ ಪಡೆದ ಬಾಡಿಯೂ ಅದೇ. ತುಮಕೂರು ದಾಟಿದ ಮೇಲೆ ಲಾರಿ ಓವರ್‌ಟೇಕ್ ಮಾಡೋಕೆ ಎರಡು ಸೆಕೆಂಡ್ ಜಾಸ್ತಿ ಕಾಯಬೇಕಾಗಬಹುದು. ಪಕ್ಕದ ಸೀಟಲ್ಲಿ ಅಮ್ಮ ಕೂತಿರುವಾಗ ನಾನು ಹೇಗಿದ್ದರೂ ಕಾಯ್ತೀನಿ.

ಹೋದ ವಾರ ಬುಕ್ ಮಾಡಿದೆವು. ಆ ನಾಲ್ಕು ತಿಂಗಳಲ್ಲಿ ಉಳಿದ 1 ಲಕ್ಷದ 10 ಸಾವಿರ ಡೌನ್ ಪೇಮೆಂಟಿಗೆ ಸೇರಿತು. 1.5 ಬಿಟ್ಟಿದ್ದಕ್ಕೆ ಬೇಜಾರಿಲ್ಲ ಅಂದರೆ ಸುಳ್ಳಾಗುತ್ತೆ. ರೋಡಲ್ಲಿ ಅದರ ಬ್ಯಾಡ್ಜ್ ಕಂಡರೆ ಈಗಲೂ ಹೊಟ್ಟೆಯೊಳಗೆ ಏನೋ ಆಗುತ್ತೆ. ಆದರೆ ನೀವೂ ಶೋರೂಮಿಗೆ ಹೋಗೋ ಯೋಚನೆಯಲ್ಲಿದ್ದರೆ, ಮೊದಲು ಮೂರು ತಿಂಗಳು ಇಎಂಐಯನ್ನ ನಿಮಗೆ ನೀವೇ ಕಟ್ಟಿ ನೋಡಿ. ಕಾರು ನಿಮ್ಮದಾಗದಿದ್ದರೂ ಆ ದುಡ್ಡಂತೂ ನಿಮ್ಮ ಹತ್ತಿರವೇ ಇರುತ್ತೆ.